ಕಿತ್ತಳೆಯ ಸಿಪ್ಪೆಯೊಳಗಿನ ತೈಲ

ನಾನು ಹುಡುಗನಾಗಿದ್ದಾಗ ನಮ್ಮ ಮನೆಗೆ ಇನ್ನೂ ವಿದ್ಯುದ್ದೀಪ ಬಂದಿರಲಿಲ್ಲ. ಸಂಜೆಯಾದೊಡನೆ ನಡುಮನೆಯಲ್ಲಿ ಸೀಮೆಎಣ್ಣೆಯ ಬುಡ್ಡಿಯೊಂದನ್ನು ಹಚ್ಚಿಟ್ಟು, ಮಕ್ಕಳೆಲ್ಲರೂ ಅದರ ಸುತ್ತ ಕುಳಿತು ಓದುತ್ತಿದ್ದೆವು. ಚಳಿಗಾಲದಲ್ಲಿ ಕೊಡಗಿನ ಕಿತ್ತಳೆ ಸಂತೆಗೆ ಬಂದಾಗ ಮಾತ್ರ ನಮ್ಮ ಓದಿಗೆ ಭಂಗ ಬರುತ್ತಿತ್ತು. ಹಣ್ಣನ್ನು ತಿಂದು ಮುಗಿಸಿದ ಮೇಲೆ ಸಿಪ್ಪೆಯ ತುಂಡೊಂದನ್ನು ಹೊರಮೈ ದೀಪದ ಕುಡಿಯ ಕಡೆಗಿರುವಂತೆ ಮಡಿಸಿ ಒತ್ತುವುದು ನಮ್ಮ ಆಟ. ಕಣ್ಣಿಗೆ ಕಾಣದ ಹನಿಗಳು ಚಿಮ್ಮಿ ದೀಪಕ್ಕೆ ತಾಕಿದಾಗ ಚಟಪಟನೆ ಸಣ್ಣ ಸಣ್ಣ ಕಿಡಿಗಳು ಹಾರುತ್ತಿದ್ದವು. ದೀಪಾವಳಿ ಕಳೆದು ತಿಂಗಳಾದರೂ ನಮ್ಮ ಮನೆಯ ಪಟಾಕಿ ಮುಗಿದಿಲ್ಲವೆಂದು ಅಜ್ಜಿ ಗದರುತ್ತಿದ್ದಳು. ಗದರಿಕೆ ನಿಂತ ಮೇಲೂ ಕೋಣೆಯಲ್ಲಿ ಕಿತ್ತಳೆಯ ಕಂಪು ಬಹಳ ಹೊತ್ತು ಉಳಿದಿರುತ್ತಿತ್ತು.

ಆ ಕಿಡಿಗೂ ಆ ಕಂಪಿಗೂ ಕಾರಣವಾದದ್ದು ಒಂದೇ ವಸ್ತು. ಕಿತ್ತಳೆಯ ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಸೂಜಿಯ ಮೊನೆಯಷ್ಟು ಚಿಕ್ಕ ಚುಕ್ಕೆಗಳು ಕಾಣುತ್ತವೆ. ಅವು ತೈಲದ ಗೂಡುಗಳು. ಅವುಗಳಲ್ಲಿ ತುಂಬಿರುವ ತೈಲ ನಾವು ಅಡುಗೆಗೆ ಬಳಸುವ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆಗಳ ಜಾತಿಗೆ ಸೇರಿದ್ದಲ್ಲ. ಇವೆರಡಕ್ಕೂ ಇರುವ ಭೇದವನ್ನು ನೀವೇ ಪರೀಕ್ಷಿಸಬಹುದು. ಒಂದು ಹಾಳೆಯ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆಯನ್ನೂ ಸ್ವಲ್ಪ ದೂರದಲ್ಲಿ ಒಂದು ತೊಟ್ಟು ನೀಲಗಿರಿ ತೈಲವನ್ನೂ ಹಾಕಿಡಿ. ಮರುದಿನ ನೋಡಿದರೆ ಕೊಬ್ಬರಿ ಎಣ್ಣೆಯ ಜಿಡ್ಡಿನ ಕಲೆ ಹಾಗೆಯೇ ಇರುತ್ತದೆ. ನೀಲಗಿರಿ ತೈಲ ಬಿದ್ದ ಜಾಗ ಬಹುಮಟ್ಟಿಗೆ ಒಣಗಿ ಬರಿದಾಗಿರುತ್ತದೆ. ಗಾಳಿಗೆ ಆರಿಹೋಗುವ ಈ ಬಗೆಯ ತೈಲಗಳನ್ನು ಬಾಷ್ಪಶೀಲ ತೈಲಗಳೆಂದೂ, ಸುವಾಸನೆಯುಳ್ಳವುಗಳಾದುದರಿಂದ ಸುಗಂಧ ತೈಲಗಳೆಂದೂ ಕರೆಯುತ್ತಾರೆ. ಗಂಧದ ಮರ, ಲವಂಗ, ಮಜ್ಜಿಗೆಹುಲ್ಲು, ತುಳಸಿ, ಪುದೀನ, ಏಲಕ್ಕಿ ಇವೆಲ್ಲದರ ಪರಿಮಳವೂ ಇಂಥ ತೈಲಗಳಿಂದಲೇ ಬಂದದ್ದು. ಸಾಮಾನ್ಯವಾಗಿ ಎಲೆ, ಹೂವು, ಚಕ್ಕೆಗಳ ಮೂಲಕ ನೀರಿನ ಆವಿಯನ್ನು ಹಾಯಿಸಿ, ಆ ಆವಿಯನ್ನು ತಣಿಸಿ, ನೀರಿನಿಂದ ಬೇರೆಯಾಗಿ ನಿಲ್ಲುವ ತೈಲವನ್ನು ಸಂಗ್ರಹಿಸುತ್ತಾರೆ. ಕಿತ್ತಳೆಯ ವಿಷಯದಲ್ಲಿ ಅಷ್ಟು ಶ್ರಮವೂ ಬೇಕಿಲ್ಲ. ಸಿಪ್ಪೆಯನ್ನು ಹಿಂಡಿದರೆ ಸಾಕು.

ಸಸ್ಯಗಳು ಈ ತೈಲವನ್ನು ನಮ್ಮ ಮೂಗಿಗಾಗಿ ಸಿದ್ಧಪಡಿಸುವುದಿಲ್ಲವೆಂಬುದು ಬೇರೆ ಮಾತು. ಓಡಿಹೋಗಲಾರದ ಗಿಡ ತನ್ನನ್ನು ಮೇಯಲು ಬರುವ ಕೀಟಗಳಿಂದಲೂ ಕೊಳೆಯಿಸಲು ಬರುವ ಬೂಷ್ಟಿನಿಂದಲೂ ರಕ್ಷಿಸಿಕೊಳ್ಳಲು ಇಂಥ ವಸ್ತುಗಳನ್ನು ಬಳಸುತ್ತದೆ. ನಮಗೆ ಸುಗಂಧವಾದದ್ದು ಹುಳುವಿಗೆ ವಿಷವಾಗಿರಬಹುದು. ಈ ಮಾತನ್ನು ಮರೆಯಬೇಡಿ. ಮುಂದೆ ಇದಕ್ಕೆ ಮತ್ತೆ ಬರುತ್ತೇನೆ.

ಸುಗಂಧ ತೈಲಗಳ ಒಳಗೇನಿದೆ ಎಂಬುದನ್ನು ಕ್ರಮವಾಗಿ ಬಿಡಿಸಿ ನೋಡಿದವನು ಓಟೋ ವಾಲಾಕ್ ಎಂಬ ಜರ್ಮನ್ ರಸಾಯನ ವಿಜ್ಞಾನಿ. ಬಾನ್ ನಗರದ ವಿಶ್ವವಿದ್ಯಾನಿಲಯದಲ್ಲಿ ಅವನು ಹೆಸರಾಂತ ವಿಜ್ಞಾನಿ ಕೆಕುಲೆಯ ಕೈಕೆಳಗೆ ಕೆಲಸ ಮಾಡುತ್ತಿದ್ದ. ಅಲ್ಲಿಯ ಕಪಾಟೊಂದರಲ್ಲಿ ಸುಗಂಧ ತೈಲಗಳ ಸೀಸೆಗಳು ವರ್ಷಗಟ್ಟಲೆ ಯಾರೂ ಮುಟ್ಟದೆ ಬಿದ್ದಿದ್ದವು. ವಾಲಾಕ್ ಅವುಗಳನ್ನು ಪರೀಕ್ಷಿಸಲು ಅನುಮತಿ ಕೇಳಿದ. ಅವುಗಳಿಂದ ನಿನಗೇನಾದರೂ ದಕ್ಕುವುದಾದರೆ ಆಗಲಿ ಎಂಬಂತೆ ಕೆಕುಲೆ ನಗುತ್ತಲೇ ಒಪ್ಪಿಗೆ ಕೊಟ್ಟನಂತೆ. ಆ ಕಾಲದಲ್ಲಿ ಪ್ರತಿಯೊಂದು ಗಿಡದ ತೈಲದಿಂದ ಬಂದ ವಸ್ತುವಿಗೂ ಒಂದೊಂದು ಹೆಸರು. ಹೆಸರುಗಳ ಕಾಡೇ ಬೆಳೆದಿತ್ತು. ಹತ್ತಾರು ವರ್ಷಗಳ ತಾಳ್ಮೆಯ ಕೆಲಸದಿಂದ ವಾಲಾಕ್ ಆ ಕಾಡನ್ನು ಸವರಿದ. ಬೇರೆ ಬೇರೆ ಹೆಸರಿನಿಂದ ಕರೆಯುತ್ತಿದ್ದ ಎಷ್ಟೋ ವಸ್ತುಗಳು ವಾಸ್ತವವಾಗಿ ಒಂದೇ ಎಂದು ತೋರಿಸಿಕೊಟ್ಟ. ಇವೆಲ್ಲವೂ 5 ಇಂಗಾಲದ ಪರಮಾಣುಗಳಿರುವ ಐಸೊಪ್ರೀನ್ ಎಂಬ ಚಿಕ್ಕ ತುಣುಕನ್ನು ಒಂದಕ್ಕೊಂದು ಜೋಡಿಸಿ ಕಟ್ಟಿದವುಗಳೆಂಬ ನಿಯಮವೂ ಆ ಕೆಲಸದಿಂದ ಹೊರಬಂದಿತು. ಹೂಮಾಲೆಯಲ್ಲಿ ಒಂದೇ ಬಗೆಯ ಹೂವನ್ನು ಬೇರೆ ಬೇರೆ ರೀತಿಯಲ್ಲಿ ಪೋಣಿಸಿದ ಹಾಗೆ. ಈ ವರ್ಗಕ್ಕೆ ಟರ್ಪೀನುಗಳೆಂದು ಹೆಸರು. 1910ರಲ್ಲಿ ವಾಲಾಕ್‌ಗೆ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

ಕಿತ್ತಳೆ ಸಿಪ್ಪೆಯ ತೈಲದಲ್ಲಿ ನೂರಕ್ಕೆ 90 ಪಾಲಿಗಿಂತಲೂ ಹೆಚ್ಚಾಗಿರುವುದು ಲಿಮೊನೀನ್ ಎಂಬ ಟರ್ಪೀನ್. ಎರಡು ಐಸೊಪ್ರೀನ್ ತುಣುಕುಗಳು ಸೇರಿ ಆದದ್ದು. 10 ಇಂಗಾಲದ, 16 ಜಲಜನಕದ ಪರಮಾಣುಗಳು. ಅಜ್ಜಿಯ ಗದರಿಕೆಗೆ ಕಾರಣವಾದ ಕಿಡಿಗಳು ಇದರವೇ. ಈ ಲಿಮೊನೀನಿನ ಹೆಸರನ್ನು ನಾನು ಮೊಟ್ಟಮೊದಲು ಕೇಳಿದ್ದು ಪುಸ್ತಕದಿಂದಲ್ಲ. ಅದೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು.

1990ರ ದಶಕದ ಕೊನೆಯ ವರ್ಷಗಳು. ನಾನು ಮಲೆನಾಡಿನ ಒಂದು ಊರಿನ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಅವನು ಆಗ ಊರಿನಲ್ಲಿಯೇ ಸಣ್ಣ ಅಂಗಡಿಯಿಟ್ಟುಕೊಂಡಿದ್ದ. ಜಗಲಿಯ ಮೇಲೆ ಕುಳಿತು, ಜೇಬಿನಿಂದ ಪತ್ರಿಕೆಯ ತುಣುಕೊಂದನ್ನು ತೆಗೆದು ನನ್ನ ಕೈಗಿತ್ತ.

“ಅಮ್ಮನಿಗೆ ಎದೆಯಲ್ಲಿ ಗಂಟು ಕಾಣಿಸಿದೆ ಸಾರ್. ಪರೀಕ್ಷೆ ಮಾಡಿಸಿದೆವು. ಕ್ಯಾನ್ಸರ್ ಅಂದರು. ಬೇಗನೆ ಆಪರೇಷನ್ ಆಗಬೇಕಂತೆ. ಅಮ್ಮ ಒಪ್ಪುತ್ತಿಲ್ಲ, ಹೆದರಿಕೊಂಡಿದ್ದಾರೆ. ಅಷ್ಟರಲ್ಲಿ ಇದು ಸಿಕ್ಕಿತು. ತಾವು ಓದಿ ಹೇಳಬೇಕು.”

ತುಣುಕಿನಲ್ಲಿದ್ದದ್ದು ಆರೇಳು ಸಾಲು. ಕಿತ್ತಳೆಯ ಸಿಪ್ಪೆಯ ತೈಲದಲ್ಲಿರುವ ಲಿಮೊನೀನ್ ಸ್ತನದ ಕ್ಯಾನ್ಸರನ್ನು ಕರಗಿಸುತ್ತದೆಂದು ಅಮೆರಿಕದ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ ಎಂಬುದು ಅದರ ಸಾರಾಂಶ. ಯಾರ ಮೇಲೆ ಪ್ರಯೋಗ ಮಾಡಿದರು, ಎಷ್ಟು ಕೊಟ್ಟರು, ಎಲ್ಲಿ ಪ್ರಕಟಿಸಿದರು, ಒಂದೂ ಇರಲಿಲ್ಲ.

“ಇದು ನಿಜವೇ ಸಾರ್? ನಾಲ್ಕು ತಿಂಗಳು ಇದನ್ನು ನೋಡಿ ಆಮೇಲೆ ಆಪರೇಷನ್ ಮಾಡಿಸಿದರೆ ಆಗುವುದಿಲ್ಲವೇ?”

ನಾನು ಕನ್ನಡದ ಮೇಷ್ಟರು. ರಸಾಯನ ಶಾಸ್ತ್ರವನ್ನು ಹತ್ತನೆಯ ತರಗತಿಯ ಆಚೆಗೆ ಓದಿದವನಲ್ಲ. ನನಗೆ ತಿಳಿಯದಯ್ಯ ಎನ್ನುವುದು ಸರಿಯಾದ ಉತ್ತರವಾಗಿತ್ತು. ಆದರೆ ಹಳೆಯ ಶಿಷ್ಯನೆದುರು ಹಾಗೆ ಹೇಳಲು ನಾಲಿಗೆ ಏಳಲಿಲ್ಲ. “ವಿಜ್ಞಾನಿಗಳು ಹೇಳಿದ್ದಾರೆ ಎಂದ ಮೇಲೆ ಏನೋ ಇರಬೇಕು. ಹಣ್ಣಿನಿಂದ ಬಂದದ್ದು, ಕೆಡುಕೇನೂ ಆಗಲಾರದು ನೋಡು. ಡಾಕ್ಟರನ್ನೂ ಒಂದು ಮಾತು ಕೇಳಿಬಿಡು” ಎಂದೆ. ಅವನು ಮೊದಲನೆಯ ಎರಡು ವಾಕ್ಯಗಳನ್ನು ತೆಗೆದುಕೊಂಡು ಹೋದ. ಮೂರನೆಯದು ಜಗಲಿಯಲ್ಲಿಯೇ ಉಳಿಯಿತು.

ಆ ತುಣುಕಿನ ಹಿಂದಿದ್ದ ನಿಜಾಂಶವೇನೆಂದು ನಾನು ಹುಡುಕಿ ಓದಿದ್ದು ಬಹಳ ತಡವಾಗಿ. ಓದಿದ್ದನ್ನು ನಿಮಗೆ ಹೇಳುತ್ತೇನೆ.

ನಮ್ಮ ದೇಹ ಅಸಂಖ್ಯಾತ ಜೀವಕೋಶಗಳಿಂದಾದದ್ದು. ಗಾಯವಾದಾಗ ಕೋಶಗಳು ಒಡೆದು ಎರಡಾಗಿ, ಎರಡು ನಾಲ್ಕಾಗಿ ಗಾಯವನ್ನು ತುಂಬುತ್ತವೆ. ತುಂಬಿದ ಮೇಲೆ ನಿಲ್ಲುತ್ತವೆ. ಎಲ್ಲಿ ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬ ಆಜ್ಞೆ ಕೋಶದೊಳಗೇ ಇರುತ್ತದೆ. ಆ ಆಜ್ಞೆ ಕೆಟ್ಟು, ನಿಲ್ಲುವುದನ್ನೇ ಮರೆತ ಕೋಶಗಳು ಬೆಳೆಯುತ್ತ ಹೋಗಿ, ನೆರೆಯ ಅಂಗಗಳಿಗೆ ನುಗ್ಗಿ, ರಕ್ತದ ಮೂಲಕ ದೂರದ ಅಂಗಗಳನ್ನೂ ಸೇರುವುದೇ ಕ್ಯಾನ್ಸರ್. ನಮ್ಮ ವೈದ್ಯಗ್ರಂಥಗಳು ಅರ್ಬುದವೆಂದು ಕರೆದದ್ದು ಇಂಥ ಗಂಟುಗಳನ್ನೇ. ರೋಗದ ಕೋಶವೂ ನಮ್ಮದೇ ದೇಹದ ಕೋಶವಾದುದರಿಂದ, ಅದನ್ನು ಕೊಂದು ಪಕ್ಕದ ಒಳ್ಳೆಯ ಕೋಶವನ್ನು ಉಳಿಸುವುದು ಕಷ್ಟ. ಔಷಧಿಯನ್ನು ಹುಡುಕುವವರ ಕಷ್ಟವೆಲ್ಲ ಇದರಲ್ಲಿಯೇ ಅಡಗಿದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಲವಂಗದ ಯೂಜಿನಾಲನ್ನೋ ಮಜ್ಜಿಗೆಹುಲ್ಲಿನ ಸಿಟ್ರಾಲನ್ನೋ ಹಾಕಿದರೆ ಅವು ಸಾಯುತ್ತವೆಂಬುದನ್ನು ಅನೇಕ ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಆದರೆ ಆ ತಟ್ಟೆಗೆ ಸಾಬೂನಿನ ನೀರನ್ನು ಹೊಯ್ದರೂ ಅವು ಸಾಯುತ್ತವೆ. ತಟ್ಟೆಗೆ ಕರುಳಿಲ್ಲ, ಪಿತ್ತಜನಕಾಂಗವಿಲ್ಲ, ಮೂತ್ರಪಿಂಡವಿಲ್ಲ.

ಲಿಮೊನೀನಿನ ವಿಷಯ ಇದಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಗೌಲ್ಡ್ ಮತ್ತು ಅವರ ಸಂಗಡಿಗರು 1984ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸ್ತನದ ಗಡ್ಡೆಯನ್ನು ಉಂಟುಮಾಡುವ ರಾಸಾಯನಿಕವನ್ನು ಹೆಣ್ಣು ಇಲಿಗಳಿಗೆ ಕೊಟ್ಟರು. ಕೆಲವಕ್ಕೆ ಸಾಮಾನ್ಯ ಆಹಾರವನ್ನೂ ಕೆಲವಕ್ಕೆ ಲಿಮೊನೀನ್ ಬೆರೆಸಿದ ಆಹಾರವನ್ನೂ ಹಾಕಿದರು. ಲಿಮೊನೀನ್ ತಿಂದ ಇಲಿಗಳಲ್ಲಿ ಗಡ್ಡೆಗಳು ಕಡಿಮೆಯಾದವು. ಮುಂದೆ 1992ರಲ್ಲಿ ಅದೇ ಪ್ರಯೋಗಶಾಲೆಯವರು, ಆಗಲೇ ಬೆಳೆದಿದ್ದ ಗಡ್ಡೆಗಳೂ ಲಿಮೊನೀನಿನಿಂದ ಕುಗ್ಗುವುದನ್ನು ಕಂಡರು. ಪತ್ರಿಕೆಯ ತುಣುಕಿನಲ್ಲಿದ್ದ ‘ಕರಗಿಸುತ್ತದೆ’ ಎಂಬ ಮಾತಿಗೆ ಮೂಲ ಇದೇ ಇರಬೇಕು. ಹೀಗಾಗಿ ವಾರ್ತೆ ಪೂರ್ತಿ ಸುಳ್ಳಾಗಿರಲಿಲ್ಲ. ಕರಗಿದ ಗಡ್ಡೆ ಇಲಿಯದು ಎಂಬ ಒಂದು ಪದವನ್ನು ಬಿಟ್ಟುಬಿಟ್ಟಿತ್ತು, ಅಷ್ಟೆ. ಆ ಇಲಿಗಳ ಆಹಾರದಲ್ಲಿ ನೂರಕ್ಕೆ 10 ಪಾಲಿನವರೆಗೆ ಲಿಮೊನೀನ್ ಇತ್ತೆಂಬುದನ್ನೂ ಬಿಟ್ಟಿತ್ತು. ನಿಮ್ಮ ತಟ್ಟೆಯಲ್ಲಿರುವ ಹತ್ತು ತುತ್ತಿನಲ್ಲಿ ಒಂದು ತುತ್ತು ಶುದ್ಧ ತೈಲವೆಂದು ಕಲ್ಪಿಸಿಕೊಳ್ಳಿ.

ಇದು ಹೇಗೆ ಕೆಲಸ ಮಾಡುತ್ತದೆ? ಕೋಶಕ್ಕೆ ‘ಬೆಳೆ’ ಎಂದು ಆಜ್ಞೆ ಕೊಡುವ ರಾಸ್ ಎಂಬ ಒಂದು ಪ್ರೋಟೀನ್ ಇದೆ. ಅದು ಕೋಶದ ಹೊರಪೊರೆಗೆ ಅಂಟಿಕೊಂಡಿದ್ದರೆ ಮಾತ್ರ ಅದರ ಆಜ್ಞೆ ನಡೆಯುತ್ತದೆ. ಅಂಟಿಕೊಳ್ಳಲು ಅದಕ್ಕೊಂದು ಬಾಲ ಬೇಕು. ಸ್ವಾರಸ್ಯದ ಸಂಗತಿಯೆಂದರೆ, ಆ ಬಾಲವೂ ಐಸೊಪ್ರೀನ್ ತುಣುಕುಗಳಿಂದಲೇ ಆದದ್ದು. ಕಿತ್ತಳೆಯ ಗಿಡ ಯಾವ ಬಗೆಯ ಹೂವಿನಿಂದ ತನ್ನ ಕಂಪಿನ ಮಾಲೆಯನ್ನು ಕಟ್ಟುತ್ತದೆಯೋ ಅದೇ ಬಗೆಯ ಹೂವಿನಿಂದ ನಮ್ಮ ದೇಹವೂ ತನಗೆ ಬೇಕಾದ ಕೆಲವನ್ನು ಕಟ್ಟಿಕೊಳ್ಳುತ್ತದೆ. ಗಿಡದ ಟರ್ಪೀನ್ ನಡುವೆ ಬಂದು ರಾಸ್‌ಗೆ ಬಾಲ ಕಟ್ಟುವ ಕೆಲಸವನ್ನು ತಡೆಯುತ್ತದೆ ಎಂದು ವಿಜ್ಞಾನಿಗಳು ಮೊದಲು ಊಹಿಸಿದರು. ಅನಂತರದ ಪರೀಕ್ಷೆಗಳಲ್ಲಿ ಇದೊಂದೇ ಕಾರಣವಾಗಲಾರದೆಂಬ ಸಂದೇಹ ಎದ್ದಿತು. ಒಳ್ಳೆಯ ವಿವರಣೆ ಎಂಬ ಕಾರಣಕ್ಕಾಗಿಯೇ ಅದು ನಿಜವಾಗಬೇಕಾಗಿಲ್ಲ. ಆದರೂ ಇಷ್ಟು ಸೊಗಸಾದ ಊಹೆ ಪೂರ್ತಿ ನಿಲ್ಲದೆ ಹೋದದ್ದು ನನಗೆ ಸ್ವಲ್ಪ ಬೇಸರವನ್ನೇ ತಂದಿತು.

ಇಲಿಯಿಂದ ಮನುಷ್ಯನಿಗೆ ಬರುವ ದಾರಿ ದೀರ್ಘವಾದದ್ದು. ಇಂಗ್ಲೆಂಡಿನಲ್ಲಿ 32 ಮಂದಿ ರೋಗಿಗಳಿಗೆ ಲಿಮೊನೀನನ್ನು ಕೊಟ್ಟು ನೋಡಿದ ಪ್ರಯೋಗದ ವರದಿ 1998ರಲ್ಲಿ ಹೊರಬಂದಿತು. ಇವರೆಲ್ಲರ ರೋಗವೂ ಬಹಳ ಮುಂದುವರಿದಿತ್ತು. ಎಷ್ಟು ಪ್ರಮಾಣವನ್ನು ದೇಹ ಸಹಿಸಬಲ್ಲುದೆಂದು ತಿಳಿಯುವುದೇ ಈ ಮೊದಲ ಹಂತದ ಉದ್ದೇಶ. ಸಹಿಸಬಹುದಾದ ಪ್ರಮಾಣ ದೇಹದ ಮೈವಿಸ್ತಾರದ ಒಂದು ಚದರ ಮೀಟರಿಗೆ ದಿನಕ್ಕೆ 8 ಗ್ರಾಮ್ ಎಂದು ಕಂಡಿತು. ಸಾಧಾರಣ ಮೈಕಟ್ಟಿನವರಿಗೆ ಇದು 13 ಗ್ರಾಮಿನಷ್ಟಾಗುತ್ತದೆ. ಸ್ತನದ ಕ್ಯಾನ್ಸರಿದ್ದ ಒಬ್ಬ ಮಹಿಳೆಯ ಗಡ್ಡೆ ಭಾಗಶಃ ಕುಗ್ಗಿ 11 ತಿಂಗಳು ಹಾಗೆಯೇ ಉಳಿಯಿತು. ಕರುಳಿನ ಕ್ಯಾನ್ಸರಿದ್ದ ಮೂವರಲ್ಲಿ ರೋಗ ಕೆಲಕಾಲ ಬೆಳೆಯದೆ ನಿಂತಿತು. 32 ಮಂದಿಯಲ್ಲಿ ಒಬ್ಬಳು! ಆ ಒಬ್ಬಳಿಗೆ ಅದು ದೊಡ್ಡದೇ. ಆದರೆ ಅದನ್ನು ನಂಬಿ ಮಿಕ್ಕವರು ಶಸ್ತ್ರಚಿಕಿತ್ಸೆಯನ್ನು ಬಿಡುವಂತಿಲ್ಲ.

ಲಿಮೊನೀನಿಗೆ ಒಂದು ಆಮ್ಲಜನಕದ ಪರಮಾಣುವನ್ನು ಕೂಡಿಸಿದಂತಿರುವ ಇನ್ನೊಂದು ವಸ್ತುವಿದೆ. ಪೆರಿಲ್ಲಿಲ್ ಆಲ್ಕೊಹಾಲ್ ಎಂದು ಅದರ ಹೆಸರು. ಲ್ಯಾವೆಂಡರ್ ಮೊದಲಾದ ಗಿಡಗಳ ತೈಲದಲ್ಲಿ ಅಲ್ಪ ಪ್ರಮಾಣದಲ್ಲಿರುತ್ತದೆ. ಇಲಿಗಳಲ್ಲಿ ಇದು ಲಿಮೊನೀನಿಗಿಂತ ಬಲಶಾಲಿಯೆಂದು ಕಂಡಿದ್ದರಿಂದ 1990ರ ದಶಕದಲ್ಲಿ ಇದರ ಮೇಲೆ ದೊಡ್ಡ ಆಸೆ ಹುಟ್ಟಿತು. ಅಂಡಾಶಯ, ಸ್ತನ, ಕರುಳು, ಪ್ರಾಸ್ಟೇಟ್ ಗ್ರಂಥಿ ಇವುಗಳ ಕ್ಯಾನ್ಸರಿದ್ದವರಿಗೆ ಇದನ್ನು ಗುಳಿಗೆಗಳಲ್ಲಿ ತುಂಬಿ ಕೊಟ್ಟರು. ದಿನಕ್ಕೆ ಹತ್ತಾರು ಗುಳಿಗೆಗಳನ್ನು ನುಂಗಬೇಕಾಗಿತ್ತು. ರೋಗಿಗಳಿಗೆ ವಾಕರಿಕೆ, ತೇಗು, ಆಯಾಸ ಉಂಟಾದವು. ಗಡ್ಡೆಗಳು ಮಾತ್ರ ಗಮನಾರ್ಹವಾಗಿ ಕುಗ್ಗಲಿಲ್ಲ. 2000ದ ನಂತರದ ಕೆಲವೇ ವರ್ಷಗಳಲ್ಲಿ ಒಂದರ ಹಿಂದೆ ಒಂದರಂತೆ ನಿರಾಶೆಯ ವರದಿಗಳು ಬಂದವು. ಈ ವರದಿಗಳು ಯಾವುದೂ ಪತ್ರಿಕೆಯ ತುಣುಕಾಗಿ ನಮ್ಮ ಊರಿಗೆ ಬರಲಿಲ್ಲ.

2013ರಲ್ಲಿ ಅಮೆರಿಕದ ಅರಿಜೋನಾದಿಂದ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಸ್ತನದ ಕ್ಯಾನ್ಸರ್ ಆರಂಭದ ಹಂತದಲ್ಲಿಯೇ ಪತ್ತೆಯಾಗಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದ್ದ 43 ಮಹಿಳೆಯರು, ಕಾಯುವ 2ರಿಂದ 6 ವಾರಗಳ ಅವಧಿಯಲ್ಲಿ ದಿನಕ್ಕೆ 2 ಗ್ರಾಮ್ ಲಿಮೊನೀನ್ ಸೇವಿಸಿದರು. ತೆಗೆದ ಗಡ್ಡೆಗಳನ್ನು ಪರೀಕ್ಷಿಸಿದಾಗ ಲಿಮೊನೀನ್ ಸ್ತನದ ಅಂಗಾಂಶದಲ್ಲಿ ಚೆನ್ನಾಗಿ ಶೇಖರವಾಗಿತ್ತು. ಕೋಶವಿಭಜನೆಗೆ ಬೇಕಾದ ಒಂದು ಪ್ರೋಟೀನ್ ನೂರಕ್ಕೆ 22ರಷ್ಟು ತಗ್ಗಿತ್ತು. ಕೋಶಗಳು ವೃದ್ಧಿಯಾಗುವ ವೇಗವನ್ನು ನೇರವಾಗಿ ತೋರಿಸುವ ಗುರುತಿನಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಅಧ್ಯಯನದಲ್ಲಿ ನನಗೆ ಮುಖ್ಯವೆನಿಸಿದ್ದು ಬೇರೊಂದು ಸಂಗತಿ: ಆ ಮಹಿಳೆಯರಲ್ಲಿ ಯಾರಿಗೂ ಲಿಮೊನೀನ್ ಶಸ್ತ್ರಚಿಕಿತ್ಸೆಗೆ ಬದಲಾಗಿರಲಿಲ್ಲ. ಅದು ಅವರ ಕಾಯುವ ದಿನಗಳನ್ನು ತುಂಬಿತ್ತೇ ಹೊರತು ಹೆಚ್ಚಿಸಿರಲಿಲ್ಲ.

ಇನ್ನು ‘ಹಣ್ಣಿನಿಂದ ಬಂದದ್ದು, ಕೆಡುಕೇನೂ ಆಗಲಾರದು’ ಎಂದು ನಾನಾಡಿದ ಮಾತಿಗೆ ಬರುತ್ತೇನೆ. ಹೆಣ್ಣು ಇಲಿಯ ಸ್ತನದ ಗಡ್ಡೆಯನ್ನು ಕುಗ್ಗಿಸಿದ ಈ ಲಿಮೊನೀನೇ ಗಂಡು ಇಲಿಯ ಮೂತ್ರಪಿಂಡದಲ್ಲಿ ಗಡ್ಡೆಯನ್ನು ಹುಟ್ಟಿಸಿತೆಂದು 1990ರಲ್ಲಿ ಅಮೆರಿಕ ಸರಕಾರದ ವಿಷವಿಜ್ಞಾನ ಪರೀಕ್ಷೆಗಳು ತೋರಿಸಿದವು. ಅನಂತರ ಇದರ ಗುಟ್ಟು ತಿಳಿಯಿತು. ಗಂಡು ಇಲಿಯ ದೇಹದಲ್ಲಿ ಹೇರಳವಾಗಿ ಹುಟ್ಟುವ ಒಂದು ವಿಶಿಷ್ಟ ಪ್ರೋಟೀನಿಗೆ ಲಿಮೊನೀನಿನ ಅಂಶ ಅಂಟಿಕೊಂಡು ಮೂತ್ರಪಿಂಡದಲ್ಲಿ ಶೇಖರವಾಗಿ ಹಾನಿ ಮಾಡುತ್ತದೆ. ಮನುಷ್ಯನಲ್ಲಿ ಹಾಗಾಗುವುದಿಲ್ಲವಾದುದರಿಂದ ಕಿತ್ತಳೆ ತಿನ್ನಲು ನೀವು ಹೆದರಬೇಕಾಗಿಲ್ಲ. ಆದರೆ ಒಂದೇ ವಸ್ತು ಒಂದೇ ಜಾತಿಯ ಪ್ರಾಣಿಯಲ್ಲಿ ಹೆಣ್ಣಿಗೆ ಒಂದು ಬಗೆ, ಗಂಡಿಗೆ ಇನ್ನೊಂದು ಬಗೆಯಾಗಿರುವಾಗ, ಇಲಿಗೆ ಆದದ್ದು ನಮಗೂ ಆಗುತ್ತದೆಂದು ಆತುರದಿಂದ ಹೇಳುವುದು ಹೇಗೆ? ಅಮೆರಿಕದಲ್ಲಿ ಸಾಸಫ್ರಾಸ್ ಎಂಬ ಮರದ ಬೇರಿನ ತೈಲವನ್ನು ತಲೆಮಾರುಗಳಿಂದ ಪಾನೀಯಗಳಿಗೆ ಪರಿಮಳಕ್ಕಾಗಿ ಬಳಸುತ್ತಿದ್ದರು. ಅದರಲ್ಲಿರುವ ಸಫ್ರೋಲ್ ಇಲಿಗಳ ಪಿತ್ತಜನಕಾಂಗದಲ್ಲಿ ಕ್ಯಾನ್ಸರನ್ನು ಹುಟ್ಟಿಸುತ್ತದೆಂದು ಗೊತ್ತಾಗಿ, ಆಹಾರದಲ್ಲಿ ಅದರ ಬಳಕೆಯನ್ನು 1960ರಲ್ಲಿ ನಿಷೇಧಿಸಿದರು. ಅದೂ ಗಿಡದಿಂದ ಬಂದದ್ದೇ, ಸುಗಂಧವುಳ್ಳದ್ದೇ. ನೆಗಡಿಗೆ ನಾವು ಮೂಸುವ ನೀಲಗಿರಿ ತೈಲ, ಕರ್ಪೂರಗಳನ್ನು ಚಿಕ್ಕ ಮಕ್ಕಳು ನುಂಗಿದರೆ ಅಪಸ್ಮಾರದಂತೆ ಸೆಳೆತ ಬಂದು ಪ್ರಾಣಕ್ಕೆ ಅಪಾಯವಾಗುವುದುಂಟು. ಹುಳುವಿಗೆ ವಿಷವಾದದ್ದು ನಮಗೆ ಎಷ್ಟರಮಟ್ಟಿಗೆ ಔಷಧಿ, ಎಲ್ಲಿಂದ ವಿಷ ಎಂಬುದು ಪ್ರಮಾಣವನ್ನು ಅವಲಂಬಿಸಿದ ಪ್ರಶ್ನೆ.

ನಮ್ಮ ನಾಡಿನ ಗಂಧದೆಣ್ಣೆಯೂ ಈ ಪರೀಕ್ಷೆಗಳಿಗೆ ಒಳಗಾಗಿದೆ. ಮೊದಲನೆಯ ಮಹಾಯುದ್ಧಕ್ಕೆ ಮೊದಲು ಮೈಸೂರಿನ ಗಂಧದ ಮರದ ಬಹುಭಾಗ ಜರ್ಮನಿಗೆ ಹೋಗಿ ಅಲ್ಲಿ ತೈಲವಾಗುತ್ತಿತ್ತು. ಯುದ್ಧದಿಂದ ಆ ಮಾರುಕಟ್ಟೆ ಮುಚ್ಚಿದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತೈಲ ತೆಗೆಯುವ ಪ್ರಯೋಗಗಳು ನಡೆದು, 1916-17ರಲ್ಲಿ ಮೈಸೂರು ಸಂಸ್ಥಾನವೇ ಕಾರ್ಖಾನೆಗಳನ್ನು ತೆರೆಯಿತು. ಆ ತೈಲದಲ್ಲಿ ಸುಮಾರು ಅರ್ಧದಷ್ಟಿರುವ ಆಲ್ಫಾ-ಸ್ಯಾಂಟಲಾಲ್ ಎಂಬ ವಸ್ತು, ಚರ್ಮದ ಮೇಲೆ ರಾಸಾಯನಿಕ ಹಚ್ಚಿ ಗಡ್ಡೆ ಬರಿಸಿದ ಸುಂಡಿಲಿಗಳಲ್ಲಿ ಗಡ್ಡೆಗಳ ಸಂಖ್ಯೆಯನ್ನು ಕಡಿಮೆ ಮಾಡುತ್ತದೆಂದು ಚಂದ್ರಧರ ದ್ವಿವೇದಿ ಮತ್ತು ಅವರ ಸಂಗಡಿಗರು ಅಮೆರಿಕದ ದಕ್ಷಿಣ ಡಕೋಟದಲ್ಲಿ 1997ರಿಂದ ಮುಂದಕ್ಕೆ ನಡೆಸಿದ ಪ್ರಯೋಗಗಳಲ್ಲಿ ತೋರಿಸಿದರು. ಅಭಿಮಾನಪಡಬಹುದಾದ ಸಂಗತಿ. ಅದೂ ಸುಂಡಿಲಿಯದೇ ಎಂಬುದನ್ನು ಅಭಿಮಾನದ ಭರದಲ್ಲಿ ಮರೆಯಬಾರದು.

ಹಾಗಾದರೆ ಗಿಡದಿಂದ ಕ್ಯಾನ್ಸರಿಗೆ ಔಷಧಿ ಬಂದದ್ದೇ ಇಲ್ಲವೆ? ಬಂದಿದೆ. ನಿಮ್ಮ ಶಾಲೆಯ ತೋಟದಲ್ಲಿಯೂ ಇರಬಹುದಾದ ನಿತ್ಯಪುಷ್ಪದ ಗಿಡವನ್ನು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಎಂಬುವರು 1950ರ ದಶಕದಲ್ಲಿ ಮಧುಮೇಹದ ಔಷಧಿಗಾಗಿ ಪರೀಕ್ಷಿಸುತ್ತಿದ್ದರು. ಅದು ಮಧುಮೇಹಕ್ಕೆ ಉಪಯೋಗಕ್ಕೆ ಬರಲಿಲ್ಲ. ರಕ್ತದ ಬಿಳಿಯ ಕಣಗಳನ್ನು ಕಡಿಮೆ ಮಾಡಿತು. ಆ ಸುಳಿವಿನಿಂದ ವಿನ್‌ಬ್ಲಾಸ್ಟಿನ್ ದೊರೆಯಿತು. ಅದೇ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಬಳಕೆಯಲ್ಲಿರುವ ಔಷಧಿ. ಇದು ಸುಗಂಧ ತೈಲವಲ್ಲ, ಕ್ಷಾರಾಭವೆಂಬ ಬೇರೆ ವರ್ಗದ್ದು. ನಿತ್ಯಪುಷ್ಪದ ಎಲೆಯನ್ನು ಅರೆದು ಕುಡಿದರೆ ರೋಗ ವಾಸಿಯಾಗುವುದಿಲ್ಲ, ವಿಷವೇರುತ್ತದೆ. ಎಲೆಯಲ್ಲಿ ಅತ್ಯಲ್ಪವಾಗಿರುವ ಔಷಧಿಯನ್ನು ಬೇರ್ಪಡಿಸಿ, ಶುದ್ಧಗೊಳಿಸಿ, ಮಿಲಿಗ್ರಾಮಿನ ಲೆಕ್ಕದಲ್ಲಿ ವೈದ್ಯರು ರಕ್ತನಾಳಕ್ಕೆ ಕೊಡುತ್ತಾರೆ.

ನನ್ನ ಶಿಷ್ಯ ಎಲ್ಲಿಂದಲೋ ಕಿತ್ತಳೆಯ ತೈಲವನ್ನು ತರಿಸಿದ. ಅವನ ತಾಯಿ ದಿನವೂ ಅದನ್ನು ಗಂಟಿನ ಮೇಲೆ ಹಚ್ಚಿಕೊಂಡರು. ಸಕ್ಕರೆಯ ಮೇಲೆ ಕೆಲವು ಹನಿ ಹಾಕಿಕೊಂಡು ಸೇವಿಸಿದರು. ನಾಲ್ಕು ತಿಂಗಳೆಂದದ್ದು ಆರು ತಿಂಗಳಾಯಿತು. ಶಸ್ತ್ರಚಿಕಿತ್ಸೆಗೆ ಹೋದಾಗ ರೋಗ ಕಂಕುಳಿನ ಗ್ರಂಥಿಗಳಿಗೆ ಹರಡಿತ್ತು. ಶಸ್ತ್ರಚಿಕಿತ್ಸೆಯಾಯಿತು, ವಿಕಿರಣ ಚಿಕಿತ್ಸೆಯಾಯಿತು, ಔಷಧಿಗಳಾದವು. ಮೂರು ವರ್ಷ ಬದುಕಿದ್ದರು. ಮೊದಲೇ ಹೋಗಿದ್ದರೆ ಹೆಚ್ಚು ದಿನ ಇರುತ್ತಿದ್ದರೇ ಎಂದು ಅವನು ನನ್ನನ್ನು ಎಂದೂ ಕೇಳಲಿಲ್ಲ. ಅವರ ಮನೆಗೆ ಹೋದಾಗ ಆ ತಾಯಿ ನನಗೆ ಕಾಫಿ ತಂದುಕೊಟ್ಟು, “ಮೇಷ್ಟರೇ, ನಿಮ್ಮ ಎಣ್ಣೆಯ ವಾಸನೆ ಬಹಳ ಚೆನ್ನಾಗಿತ್ತು” ಎಂದು ನಗುತ್ತ ಹೇಳಿದ್ದರು. ನಾನು ಅದನ್ನು ಕೊಟ್ಟವನಲ್ಲ. ಆದರೂ ‘ನಿಮ್ಮ ಎಣ್ಣೆ’ ಎಂಬ ಆ ಮಾತನ್ನು ತಿದ್ದಲು ನನಗೆ ಬಾಯಿ ಬರಲಿಲ್ಲ.

ಲಿಮೊನೀನಿನ ಬಳಗದ ಕಥೆ ಅಲ್ಲಿಗೆ ಮುಗಿದಿಲ್ಲ. ಗುಳಿಗೆಯಾಗಿ ಸೋತ ಪೆರಿಲ್ಲಿಲ್ ಆಲ್ಕೊಹಾಲನ್ನು ಬ್ರೆಜಿಲ್ ದೇಶದಲ್ಲಿ ಕ್ಲೋವಿಸ್ ದ ಫೋನ್ಸೆಕ ಮತ್ತು ಸಂಗಡಿಗರು ಬೇರೊಂದು ದಾರಿಯಿಂದ ಕೊಟ್ಟು ನೋಡಿದರು. ನುಂಗಿದ ವಸ್ತು ಕರುಳು ಮತ್ತು ಪಿತ್ತಜನಕಾಂಗಗಳನ್ನು ಹಾದುಹೋಗುವಾಗ ಬಹಳಷ್ಟು ಮಾರ್ಪಟ್ಟುಬಿಡುತ್ತದೆ. ಮಿದುಳಿನೊಳಗೆ ಪ್ರವೇಶಿಸುವುದಂತೂ ಇನ್ನೂ ಕಠಿಣ. ಆದರೆ ಆವಿಯಾಗುವ ಗುಣವುಳ್ಳ ವಸ್ತುವನ್ನು ಮೂಗಿನಿಂದ ಸೇದಿಕೊಂಡರೆ? ಕಂಪನ್ನು ಗ್ರಹಿಸುವ ನರಗಳು ಮೂಗಿನಿಂದ ನೇರವಾಗಿ ಮಿದುಳಿಗೆ ಹೋಗುತ್ತವೆ. ಮಿದುಳಿನ ಅತ್ಯಂತ ಉಗ್ರವಾದ ಗಡ್ಡೆಗಳು ಬೇರೆ ಚಿಕಿತ್ಸೆಗಳ ಅನಂತರವೂ ಮರುಕಳಿಸಿದ್ದ ರೋಗಿಗಳಿಗೆ ದಿನಕ್ಕೆ ನಾಲ್ಕು ಸಲ ಇದನ್ನು ಮೂಗಿನ ಮೂಲಕ ಕೊಟ್ಟರು. ಕೆಲವರಲ್ಲಿ ರೋಗದ ಬೆಳವಣಿಗೆ ತಡವಾಯಿತೆಂದು 2008ರಲ್ಲಿ ವರದಿ ಮಾಡಿದರು. ಔಷಧಿ ಪಡೆದವರನ್ನೂ ಪಡೆಯದವರನ್ನೂ ಸರಿಯಾಗಿ ಜೊತೆಗಿಟ್ಟು ಹೋಲಿಸಿದ ಪ್ರಯೋಗ ಅದಾಗಿರಲಿಲ್ಲವಾದುದರಿಂದ ಇತರರು ಅದನ್ನು ಹಾಗೆಯೇ ಒಪ್ಪಲಿಲ್ಲ, ತಳ್ಳಿಯೂ ಹಾಕಲಿಲ್ಲ. ಅನಂತರ ಅಮೆರಿಕದಲ್ಲಿ ಇದೇ ವಸ್ತುವಿನ ಅತಿಶುದ್ಧ ರೂಪವನ್ನು ಸಿದ್ಧಪಡಿಸಿ, ಮೂಗಿನ ಮೂಲಕವೇ ಕೊಟ್ಟು, ಹಂತಹಂತವಾಗಿ ಪರೀಕ್ಷೆಗಳನ್ನು ಆರಂಭಿಸಿದರು. ಆಸ್ಪತ್ರೆಗಳಲ್ಲಿ ವಾಡಿಕೆಯಾಗಿ ಬಳಸುವ ಔಷಧಿಗಳ ಪಟ್ಟಿಗೆ ಅದು ಇನ್ನೂ ಸೇರಿಲ್ಲ.